ಶೇಂಗಾ ಆಗದ ಮಗ, ನಾಲ್ಕು ಪಾರ್ಕು, ಒಂದು ಚೀಟಿ

ಹೋದ ಡಿಸೆಂಬರ್‌ನಲ್ಲಿ ಮಗ ಶಾಲೆಯವರ ಜೊತೆ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಿ ಬಂದ. ಹತ್ತೂವರೆಗೆ ಒಳಗೆ, ಸಂಜೆ ಐದಕ್ಕೆ ಹೊರಗೆ. ನಡುವೆ ಮೂರು ಸಲ ತಿಂದ. ಮೈಮೇಲೆ ಒಂದು ದದ್ದೂ ಏಳಲಿಲ್ಲ. "ಕಳಿಸಬೇಡಿ" ಅಂದಿದ್ದ ಮೂವರಿಗೂ ಅವತ್ತೇ ರಾತ್ರಿ ಫೋಟೊ ಕಳಿಸಿದೆ. ಒಬ್ಬರು ಕ್ಲಾಸ್ ಟೀಚರ್, ಇನ್ನೊಬ್ಬರು ನಮ್ಮತ್ತೆ, ಮೂರನೆಯವರು ನಮ್ಮನೆಯವರು. ನಮ್ಮನೆಯವರು ಪಕ್ಕದಲ್ಲೇ ಸೋಫಾ ಮೇಲೆ ಕೂತಿದ್ದರು. ಆದರೂ ವಾಟ್ಸಾಪ್‌ನಲ್ಲೇ ಕಳಿಸಿದೆ.

ಅಲರ್ಜಿ ಇರುವ ಮಕ್ಕಳ ಅಪ್ಪ-ಅಮ್ಮಂದಿರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಅಲರ್ಜಿ ಜೋರಾದಾಗ ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಪೆನ್ ಹೇಗೆ ಚುಚ್ಚಬೇಕು, ಲೇಬಲ್ ಹೇಗೆ ಓದಬೇಕು ಅಂತೆಲ್ಲ ಹೇಳಲ್ಲ, ನಿಮಗೆ ಗೊತ್ತೇ ಇದೆ. ನಮ್ಮವನಿಗೆ ಶೇಂಗಾ, ಗೋಡಂಬಿ, ಎಳ್ಳು ಆಗಲ್ಲ. ಬಾದಾಮಿ ಆಗುತ್ತೆ. ಬಾದಾಮಿ ಆಗುತ್ತೆ ಅನ್ನೋದನ್ನು ನೆನಪಿಡಿ, ನಮ್ಮನ್ನು ಆಸ್ಪತ್ರೆಗೆ ಕಳಿಸಿದ್ದು ಅದೇ.

ನನ್ನ ತವರು ಧಾರವಾಡ. ಶೇಂಗಾ ಚಟ್ನಿಪುಡಿ ಇಲ್ಲದೆ ಊಟಕ್ಕೆ ಕೂರದ ಮನೆತನ. ಸಂಕ್ರಾಂತಿಯ ಎಳ್ಳು-ಬೆಲ್ಲದ ಡಬ್ಬಿ ಕಂಡರೆ ನಾನು ಹಾವು ಕಂಡಂತೆ ಹೆದರುತ್ತೇನೆ, ಶೇಂಗಾ-ಎಳ್ಳು ಎರಡೂ ಅದರಲ್ಲೇ ಇರುತ್ತಲ್ಲ. ಅತ್ತೆಯವರೂ ಅದೇ ಕಡೆಯವರು. "ಒಂದ್ ಶೇಂಗಾಕಾಳಿಗೆ ಏನಾಗ್ತದ ಬಿಡವ್ವಾ, ನಾವೆಲ್ಲ ಅದನ್ನ ತಿಂದು ಬೆಳದೀವಿ" ಅನ್ನುತ್ತಿದ್ದರು. ಆಗುತ್ತೆ ಅಂತ ಅವರಿಗೆ ಗೊತ್ತಾಗಿದ್ದು ಎರಡನೇ ಪಾರ್ಕಿನಲ್ಲಿ.

ಮೊದಲನೇದು 2019ರಲ್ಲಿ. ಮಗನಿಗೆ ಐದು ವರ್ಷ. ಪಾರ್ಕಿನ ಹೆಸರು ಬೇಡ. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋದೆ, ಡಾಕ್ಟರ ಚೀಟಿಯೂ ಇತ್ತು. ಗೇಟಿನ ಸೆಕ್ಯುರಿಟಿ ಚೀಟಿ ನೋಡಲೇ ಇಲ್ಲ. "ಹೊರಗಿನ ತಿಂಡಿ ಬಿಡಲ್ಲ ಮೇಡಂ" ಅಂತ ಡಬ್ಬಿ ಕಿತ್ತುಕೊಂಡು, ಬೇರೆಯವರ ಚಿಪ್ಸ್ ಪ್ಯಾಕೆಟ್‌ಗಳ ಜೊತೆ ಹಲಗೆ ಮೇಲೆ ಇಟ್ಟ. ಮಧ್ಯಾಹ್ನ ಹುಡುಗ ಹಸಿದು ಅಳತೊಡಗಿದ. ಹೊರಗೆ ಬಂದು ಕಾರಿನಲ್ಲಿ ಕೂತು ತಿನ್ನಿಸಿದೆವು. ಮತ್ತೆ ಒಳಗೆ ಬಿಡಲಿಲ್ಲ, ಟಿಕೆಟ್ ಒಂದೇ ಸಲಕ್ಕಂತೆ. ಮೂವರ ಟಿಕೆಟ್ ಸೇರಿ ಸುಮಾರು ಮೂರು ಸಾವಿರ ನೀರಿಗೆ ಹೋಯಿತು. ಆಡಿದ್ದು ಎರಡೇ ಎರಡು ರೈಡು.

ಡಾಕ್ಟರ ಚೀಟಿ ಗೇಟಿನಲ್ಲಿ ಕೆಲಸ ಮಾಡಲ್ಲ ಅಂತ ಅವತ್ತು ಕಲಿತೆ. ವಾರ ಮುಂಚೆ ಪಾರ್ಕಿನವರಿಗೆ ಮೇಲ್ ಹಾಕಬೇಕು. ಅವರ ಕಡೆಯಿಂದ "ಸರಿ" ಅಂತ ಉತ್ತರ ಬರಬೇಕು. ಆ ಉತ್ತರದ ಪ್ರಿಂಟ್ ಕೈಯಲ್ಲಿರಬೇಕು. ಸೆಕ್ಯುರಿಟಿ ಹುಡುಗನ ಹತ್ತಿರ ವಾದ ಮಾಡಬಾರದು, ಪಾಪ ಅವನಿಗೆ ಕೊಟ್ಟ ಕೆಲಸ ಅದು. "ನಿಮ್ಮ ಸೂಪರ್‌ವೈಸರ್ ಕರೀರಿ" ಅಂತ ಅಲ್ಲೇ ಪಕ್ಕಕ್ಕೆ ನಿಲ್ಲಬೇಕು. ಇದಾದ ಮೇಲೆ ಯಾವ ಪಾರ್ಕಿನಲ್ಲೂ ನನ್ನ ಡಬ್ಬಿ ಹಲಗೆ ಹತ್ತಿಲ್ಲ.

ಎರಡನೇ ಪಾರ್ಕು 2022ರಲ್ಲಿ. ಈ ಸಲ ಜಾಣತನ ಜಾಸ್ತಿಯಾಗಿತ್ತು. ಡಬ್ಬಿ ಹೊರೋದು ಯಾಕೆ, ಒಳಗಿನ ಹೋಟೆಲಿನಲ್ಲೇ ಕೇಳಿ ತಿನ್ನಿಸೋಣ ಅಂದುಕೊಂಡೆ. ಬಡಿಸುವ ಹುಡುಗ ಹಿಂದಿಯವನು, ಅಡುಗೆಯವನು ಬಂಗಾಳದ ಕಡೆಯವನು. ಪನೀರ್ ಗ್ರೇವಿಗೆ ಕಾಜು ಹಾಕ್ತೀರಾ ಅಂತ ಕೇಳಿದೆ. ಹುಡುಗ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, "ಕಾಜು ನಹೀ ಮೇಡಂ, ಬಾದಾಮ್ ಹೈ" ಅಂದ. ಬಾದಾಮಿ ತಾನೇ, ನಡೆಯುತ್ತೆ ಅಂದೆ. ಖುಷಿಯಾಗಿ ಎರಡು ಪ್ಲೇಟ್ ಹೇಳಿದೆ.

ಬಂಗಾಳಿಯಲ್ಲಿ ಶೇಂಗಾಕ್ಕೆ ಚೀನಾಬಾದಾಮ್ ಅಂತಾರೆ. ಮಾತಿನಲ್ಲಿ ಬರೀ ಬಾದಾಮ್ ಅಂದರೂ ಎಷ್ಟೋ ಸಲ ಅದು ಶೇಂಗಾನೇ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಹೊಳೆಯಬೇಕಿತ್ತು. ಗೋಡಂಬಿ ದುಬಾರಿ ಅಂತ ಬಿಟ್ಟವನು ಬಾದಾಮಿ ರುಬ್ಬಿ ಹಾಕ್ತಾನಾ? ಸಂತೆಯಲ್ಲಿ ಬೆಲೆ ಕೇಳಿದ ಯಾರಿಗಾದರೂ ಗೊತ್ತಾಗಬೇಕು.

ನಾಲ್ಕು ತುತ್ತು ತಿಂದಿದ್ದ. "ಅಮ್ಮಾ, ಗಂಟಲು ಕೆರೀತಿದೆ" ಅಂದ. ಆಮೇಲೆ ತುಟಿ ಊದಿತು, ವಾಂತಿ ಶುರುವಾಯಿತು. ನನ್ನ ದೊಡ್ಡ ತಪ್ಪು ಇಲ್ಲಿ. ಮೊದಲು ಅಲರ್ಜಿ ಸಿರಪ್ ಕೊಟ್ಟು ಹತ್ತು ನಿಮಿಷ ಕಾದೆ. ಪೆನ್ ಬ್ಯಾಗಿನಲ್ಲೇ ಇತ್ತು, ಕೈ ಹೋಗಲಿಲ್ಲ. ಕೆಮ್ಮು ಶುರುವಾದ ಮೇಲೆ ತೊಡೆಗೆ ಚುಚ್ಚಿದೆ. ಐದು ನಿಮಿಷದಲ್ಲಿ ಮುಖದ ಬಣ್ಣ ವಾಪಸ್ ಬಂತು. ಪಾರ್ಕಿನ ಫಸ್ಟ್ ಏಡ್ ಕೋಣೆಯಲ್ಲಿ ಇದ್ದದ್ದು ಓಆರ್‌ಎಸ್ ಪ್ಯಾಕೆಟ್, ಬ್ಯಾಂಡೇಜು, ನೋವಿನ ಸ್ಪ್ರೇ. ಆಸ್ಪತ್ರೆಗೆ ಹೋದೆವು. ಎರಡನೇ ಸಲ ಮರುಕಳಿಸಬಹುದು ಅಂತ ರಾತ್ರಿಯವರೆಗೆ ಇಟ್ಟುಕೊಂಡರು. ಬಿಲ್ಲು ಹನ್ನೊಂದು ಸಾವಿರ ಚಿಲ್ಲರೆ. ಪನೀರ್ ಗ್ರೇವಿದು ಬೇರೆ, ಇನ್ನೂರೆಂಬತ್ತು.

ಅಲ್ಲಿಂದ ಒಂದು ವರ್ಷ ಮನೆಯಲ್ಲಿ ಪಾರ್ಕಿನ ಸುದ್ದಿ ಎತ್ತುವ ಹಾಗಿರಲಿಲ್ಲ. "ಪಾರ್ಕಿಗೆ ಹೋಗದಿದ್ರೆ ಸಾಯ್ತೀವಾ?" ಅಂತ ನಮ್ಮನೆಯವರು. ಅತ್ತೆ ಮಾತ್ರ ಬದಲಾದರು. ಅಡುಗೆಮನೆಯಿಂದ ಶೇಂಗಾ ಡಬ್ಬಿಯನ್ನು ತಾವೇ ಎತ್ತಿ ಕೆಲಸದವಳಿಗೆ ಕೊಟ್ಟರು. ಆದರೆ ಪಾರ್ಕು ಬೇಡ ಅನ್ನೋದರಲ್ಲಿ ತಮ್ಮ ಮಗನ, ಅಂದರೆ ನಮ್ಮನೆಯವರ ಪಕ್ಷವೇ.

ನಾನು ಆ ವರ್ಷ ಬೇರೆಯದೇ ಚೀಟಿ ಮಾಡಿಸಿದೆ, ಇವನಿಗೆ ಏನೇನು ಆಗಲ್ಲ ಅಂತ ಅಡುಗೆಯವರಿಗೆ ತೋರಿಸೋಕೆ. ಕನ್ನಡ, ಹಿಂದಿ, ಬಂಗಾಳಿ, ಒಡಿಯಾ, ನಾಲ್ಕು ಭಾಷೆಯಲ್ಲಿ. ನಮ್ಮ ಕಡೆಯ ದೊಡ್ಡ ಅಡುಗೆಮನೆಗಳಲ್ಲಿ ಈಗ ಒಲೆ ಮುಂದೆ ನಿಂತವರು ಹೆಚ್ಚಾಗಿ ಆ ಕಡೆಯವರೇ ಅಲ್ವಾ? ಅಪಾರ್ಟ್‌ಮೆಂಟಿನ ಬಂಗಾಳಿ ಅಕ್ಕ ಒಬ್ಬರು ಬರೆದುಕೊಟ್ಟರು. ಅವರಿಗೆ ಪರಿಚಯದ ಎಲೆಕ್ಟ್ರೀಷಿಯನ್ ಹುಡುಗ ಒಡಿಯಾ ಬರೆದುಕೊಟ್ಟ. ಪಕ್ಕದಲ್ಲಿ ಸಿಪ್ಪೆ ಸಮೇತ ಶೇಂಗಾ, ಸುಲಿದ ಶೇಂಗಾ, ಗೋಡಂಬಿ, ಕರಿ ಎಳ್ಳು, ಬಿಳಿ ಎಳ್ಳು, ಎಲ್ಲದರ ಫೋಟೊ, ಮೇಲೆ ಕೆಂಪು ಗೀಟು. ಬಾದಾಮಿಯ ಫೋಟೊ ಇಲ್ಲ, ಬಾದಾಮಿ ಆಗುತ್ತೆ ಅನ್ನೋ ಮಾತೂ ಇಲ್ಲ. ಮನೆ ಹೊರಗೆ ಅವನು ಬಾದಾಮಿ ತಿನ್ನಲ್ಲ, ಮುಗೀತು. ಹತ್ತು ಪ್ರತಿ ಲ್ಯಾಮಿನೇಷನ್ ಸೇರಿ ಇನ್ನೂರೈವತ್ತು ರೂಪಾಯಿ. ಇಷ್ಟು ದಿನ ಈ ಮಗನ ಮೇಲೆ ಹಾಕಿದ ದುಡ್ಡಿನಲ್ಲಿ ಇದಕ್ಕಿಂತ ಚೆನ್ನಾಗಿ ದುಡಿದದ್ದು ಯಾವುದೂ ಇಲ್ಲ.

ಚೀಟಿಗಿಂತ ಮುಖ್ಯ ಕೇಳುವ ರೀತಿ. "ಇದರಲ್ಲಿ ಶೇಂಗಾ ಇದೆಯಾ?" ಅಂದರೆ "ಇಲ್ಲ" ಅನ್ನುತ್ತಾರೆ. ಗಿರಾಕಿಯನ್ನು ಖುಷಿಪಡಿಸುವ ಉತ್ತರ ಅದು. ನಾನು ಹಾಗೆ ಕೇಳೋದು ಬಿಟ್ಟೆ. "ಬೆಳಿಗ್ಗೆಯಿಂದ ಈ ಬಾಣಲೆಯಲ್ಲಿ ಏನೇನು ಕರಿದಿರಿ?" ಅಂತೇನೆ. "ಎಣ್ಣೆ ಡಬ್ಬ ತೋರಿಸ್ತೀರಾ?" ಅಂತೇನೆ. ಹೀಗೆ ಕೇಳಿದಾಗ ಒಂದು ಕಡೆ ಫ್ರೆಂಚ್ ಫ್ರೈಸ್ ಕರಿಯುವ ಎಣ್ಣೆಯಲ್ಲೇ ಮಸಾಲೆ ಶೇಂಗಾ ಕರಿಯೋದು ಗೊತ್ತಾಯಿತು. ರಿಫೈನ್ಡ್ ಶೇಂಗಾ ಎಣ್ಣೆಯಲ್ಲಿ ಅಲರ್ಜಿ ತರುವ ಪ್ರೋಟೀನ್ ಹೆಚ್ಚುಕಡಿಮೆ ಹೋಗಿರುತ್ತೆ. ಗಾಣದ ಎಣ್ಣೆಯಲ್ಲಿ ಉಳಿದಿರುತ್ತೆ. ಈಗ ಎಲ್ಲರಿಗೂ ಗಾಣದ ಎಣ್ಣೆಯ ಹುಚ್ಚು, ನಮಗೆ ಅದೊಂದು ಹೊಸ ತಲೆನೋವು.

2023ರ ಬೇಸಿಗೆಯಲ್ಲಿ ಅಮೆರಿಕದಲ್ಲಿರುವ ಅಣ್ಣ ಕರೆಸಿಕೊಂಡ. ಒರ್ಲಾಂಡೊದ ಡಿಸ್ನಿ ವರ್ಲ್ಡ್‌ಗೆ ಹೋದೆವು. ಅಲ್ಲಿ ನಾನು ಫೈಲು ತೆಗೆದು ಜಗಳಕ್ಕೆ ತಯಾರಾಗಿ ನಿಂತರೆ, ಗೇಟಿನಲ್ಲಿ ಬ್ಯಾಗು ನೋಡಿ ಸುಮ್ನೆ ಒಳಗೆ ಬಿಟ್ಟರು. ಹೊರಗಿನ ಊಟ ತರಬಹುದು, ಗಾಜಿನ ಬಾಟಲಿ ಮಾತ್ರ ಬೇಡ. ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಂಡಿದ್ದೆ, ಬಚಾವ್. ಕೌಂಟರ್‌ಗಳಲ್ಲಿ ಅಲರ್ಜಿಯವರಿಗೇ ಬೇರೆ ಮೆನು ಇತ್ತು. ಮಗ ಮೊದಲ ಸಲ ಮೆನು ಹಿಡಿದು ತಾನೇ ಆರಿಸಿದ. ಆ ಫೋಟೊ ಈಗಲೂ ಫ್ರಿಜ್ ಮೇಲಿದೆ.

ಅಲ್ಲಿ ನಮಗೆ ಪೆಟ್ಟು ಕೊಟ್ಟದ್ದು ಪಾರ್ಕಲ್ಲ, ಅಣ್ಣನ ಮನೆಯ ಬನ್ನು. "ಎರಡು ವರ್ಷದಿಂದ ತರ್ತಿದ್ದೀನಿ, ಎಳ್ಳಿಲ್ಲ ತಂಗಿ" ಅಂದ. ಅಭ್ಯಾಸಬಲದಿಂದ ಲೇಬಲ್ ಓದಿದೆ. ಎಳ್ಳಿನ ಹಿಟ್ಟು! ಅಲ್ಲಿ 2023ರ ಜನವರಿ 1ರಿಂದ ಎಳ್ಳನ್ನೂ ಅಲರ್ಜಿ ಪಟ್ಟಿಗೆ ಸೇರಿಸಿ, ಲೇಬಲ್ ಮೇಲೆ ಹೇಳಲೇಬೇಕು ಅಂತ ಮಾಡಿದ್ದಾರೆ. ಅದಕ್ಕೆ ಕೆಲವು ಬೇಕರಿಗಳು ಮಷೀನು ತೊಳೆಯುವ ರಗಳೆಯೇ ಬೇಡ ಅಂತ ಬನ್ನಿಗೆ ಬೇಕಂತಲೇ ಒಂಚೂರು ಎಳ್ಳು ಸೇರಿಸಿ, "ಎಳ್ಳು ಇದೆ" ಅಂತ ಬರೆದುಬಿಟ್ಟವು. ಕಾನೂನು ಬಂದದ್ದೇ ನಮ್ಮಂಥವರಿಗೆ, ಬನ್ನು ತಪ್ಪಿದ್ದೂ ನಮ್ಮಂಥವರಿಗೇ. ನಮ್ಮ ದೇಶದ 2020ರ ಲೇಬಲ್ ನಿಯಮದ ಪಟ್ಟಿಯಲ್ಲಿ ಶೇಂಗಾ, ಗೋಡಂಬಿ ಇವೆ, ಎಳ್ಳಿಲ್ಲ. ಇಲ್ಲಿ ಪದಾರ್ಥಗಳ ಸಾಲನ್ನು ಪೂರ್ತಿ ಓದದೆ ಬೇರೆ ದಾರಿಯಿಲ್ಲ.

ಬರುವಾಗ ಅಣ್ಣ ಎರಡು ಪೆನ್ ಇರುವ ಪೆಟ್ಟಿಗೆ ಕೊಡಿಸಿದ. ಮುನ್ನೂರು ಡಾಲರ್ ಹತ್ತಿರ. ಒಂದೂವರೆ ವರ್ಷಕ್ಕೆ ಅವಧಿ ಮುಗಿಯುತ್ತೆ, ಬಂಗಾರದ ಬಳೆ ಬಾಡಿಗೆ ತಂದ ಹಾಗೆ. ಇಲ್ಲಿ ಮೆಡಿಕಲ್ ಶಾಪಿನಲ್ಲಿ ಪೆನ್ ಸಿಗೋದು ಕಷ್ಟ. ಅದೇ ಔಷಧಿಯ ಆಂಪ್ಯೂಲು, ಅಂದರೆ ಪುಟ್ಟ ಗಾಜಿನ ಸೀಸೆ, ಒಂದು ಕಾಫಿ ದುಡ್ಡಿಗೆ ಸಿಗುತ್ತೆ, ಆದರೆ ಸಿರಿಂಜಿಗೆ ಅಳತೆಯಾಗಿ ಎಳೆಯೋದು ಕಲಿಯಬೇಕು. ನಮ್ಮ ಡಾಕ್ಟರು ಕಿತ್ತಳೆ ಹಣ್ಣಿನ ಮೇಲೆ ಕಲಿಸಿದರು. ಕೈ ನಡುಗದೆ ಬರಲು ಒಂದು ಡಜನ್ ಕಿತ್ತಳೆ ಬೇಕಾಯಿತು. ನಮ್ಮನೆಯವರಿಗೆ ಎರಡು ಡಜನ್.

ಪೆನ್ನಿನದು ಇನ್ನೊಂದು ಕಾಟ. ಬಿಸಿಲೂ ಆಗಲ್ಲ, ಐಸೂ ಆಗಲ್ಲ. 25 ಡಿಗ್ರಿ ಆಸುಪಾಸು ಇರಬೇಕು. ವಾಟರ್ ರೈಡಿಗೆ ಹೋದರೆ ಎಲ್ಲಿಡೋದು? ಲಾಕರ್ ಬೇಡ, ಅರ್ಧ ಕಿಲೋಮೀಟರ್ ದೂರ ಇರುತ್ತೆ. ಸುಮ್ನೆ ಕುತೂಹಲಕ್ಕೆ ಅಂತ ಒಂದು ಏಪ್ರಿಲ್ ಮಧ್ಯಾಹ್ನ ಥರ್ಮಾಮೀಟರ್ ಇಟ್ಟು ನೋಡಿದೆ. ನಿಲ್ಲಿಸಿದ ಕಾರಿನೊಳಗೆ 50 ದಾಟಿತು. ಬೆನ್ನಿನ ಬ್ಯಾಗಿನಲ್ಲಿ 36. ಖಾಲಿ ಸ್ಟೀಲ್ ಫ್ಲಾಸ್ಕಿನಲ್ಲಿ ಇಟ್ಟರೆ 30ರ ಹತ್ತಿರ. ಫ್ಲಾಸ್ಕಿಗೆ ಹಳೇ ಕಾಟನ್ ಸೀರೆಯ ತುಂಡು ಒದ್ದೆ ಮಾಡಿ ಸುತ್ತಿದರೆ 27. ಮಣ್ಣಿನ ಕುಡಿಕೆಯಲ್ಲೂ ಇಟ್ಟು ನೋಡಿದೆ, 26 ಬಂತು. ಆದರೆ ಕುಡಿಕೆ ಹಿಡಿದು ರೋಲರ್ ಕೋಸ್ಟರ್ ಹತ್ತಿರ ನಿಂತರೆ ಜನ ಏನಂದಾರು? ಒದ್ದೆ ಸೀರೆಯೇ ಗೆದ್ದಿತು. ಈ ಫ್ಲಾಸ್ಕ್ ಹೆಗಲಿಗೆ ಹಾಕಿಕೊಂಡ ದೊಡ್ಡವರೊಬ್ಬರು ನೀರಿಗಿಳಿಯಲ್ಲ, ಹುಡುಗ ಇರುವಲ್ಲಿ ಇರುತ್ತಾರೆ.

ಬುತ್ತಿಯದೂ ಒಂದು ಕಥೆ. ಬಿಸಿಬೇಳೆಬಾತ್ ಫ್ಲಾಸ್ಕಿನಲ್ಲಿ ಇಟ್ಟಿಗೆಯಾಯಿತು. ಅಕ್ಕಿರೊಟ್ಟಿ ಚಪ್ಪಲಿಯಾಯಿತು. ಮೊಸರನ್ನ ಬಸ್ಸಿನ ಬಿಸಿಗೆ ಹುಳಿಯಾಗಿ ಡಬ್ಬಿ ಮುಚ್ಚಳವೇ ಉಬ್ಬಿತ್ತು. ಕೊನೆಗೆ ತವರಿನ ಖಡಕ್ ಜೋಳದ ರೊಟ್ಟಿಗೇ ಬಂದು ನಿಂತೆ. ಕೆಡಲ್ಲ, ಒದ್ದೆಯಾಗದಿದ್ದರೆ ವಾರಗಟ್ಟಲೆ ಇರುತ್ತೆ. ಅಂಗಡಿಯಿಂದ ತರಲ್ಲ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಯಿಸಿದ ಹೆಂಚಿನ ಮೇಲೇ ಅದನ್ನೂ ಬೇಯಿಸಿರುತ್ತಾರೆ. ಜೊತೆಗೆ ಪುಟಾಣಿ, ಅಂದರೆ ಹುರಿಗಡಲೆಯ ಚಟ್ನಿಪುಡಿ. ಶೇಂಗಾ ಇಲ್ಲದೆ ಆ ಜಿಡ್ಡು, ಆ ರುಚಿ ಬರೋದಕ್ಕೆ ಒಂದು ಸಾಮಾನು ಹಾಕುತ್ತೇನೆ. ಅದನ್ನು ಹೇಳಲ್ಲ. ನನ್ನ ತಂಗಿಗೇ ಹೇಳಿಲ್ಲ.

ಇನ್ನು ಶಾಲೆಯ ಟ್ರಿಪ್ಪು. ನಾನೂ ಸ್ವಂತ ಟಿಕೆಟ್ ತಗೊಂಡು ಹೋಗಿದ್ದೆ. ಮಗನ ಷರತ್ತು ಒಂದೇ, ಹತ್ತಿರ ಬರಬಾರದು. ಇಪ್ಪತ್ತು ಹೆಜ್ಜೆ ಹಿಂದೆ, ಫ್ಲಾಸ್ಕ್ ಹೆಗಲಲ್ಲಿ.

ಹಿಂದಿನ ದಿನ ಮಧ್ಯಾಹ್ನ ಮೂರೂವರೆಗೆ ಪಾರ್ಕಿನ ಅಡುಗೆಮನೆಯ ಮೇಲ್ವಿಚಾರಕರ ಹತ್ತಿರ ಮಾತಾಡಿದ್ದೆ. ಕಸ್ಟಮರ್ ಕೇರ್ ಅಲ್ಲ, ನೇರ ಅಡುಗೆಮನೆ. ಊಟದ ಗದ್ದಲ ಮುಗಿದು ಅವರು ಚಹಾ ಕುಡಿಯುವ ಹೊತ್ತು ಅದು, ಸಮಾಧಾನವಾಗಿ ಮಾತಾಡುತ್ತಾರೆ. ಆ ನಂಬರ್ ಹೇಗೆ ಸಿಕ್ಕಿತು ಅನ್ನೋದನ್ನು ಇಲ್ಲಿ ಬರೆಯಲ್ಲ. ಬರೆದರೆ ನಾಳೆಯಿಂದ ಆ ಫೋನು ಯಾರೂ ಎತ್ತಲ್ಲ.

ಬಸ್ಸಿನಲ್ಲಿ ಎಲ್ಲ ಮಕ್ಕಳ ಕೈ ಒರೆಸಲು ವೆಟ್ ವೈಪ್ಸ್ ಕೊಟ್ಟೆ. ಸ್ಯಾನಿಟೈಸರ್ ಶೇಂಗಾ ಅಂಟನ್ನು ತೆಗೆಯಲ್ಲ. ಸೋಪು-ನೀರು, ಇಲ್ಲಾ ವೈಪ್ಸೇ ಆಗಬೇಕು. ಹನ್ನೊಂದಕ್ಕೆ ರೊಟ್ಟಿ ಡಬ್ಬಿ ತೆಗೆದ. ಕಟಂ ಅಂತ ಮುರಿದ ಸದ್ದಿಗೆ ನಾಲ್ಕು ಹುಡುಗರು ಮುತ್ತಿದರು. ಚಿಪ್ಸ್ ಹಾಗೆ ಮುರಿದು ಪುಡಿಯಲ್ಲಿ ಅದ್ದಿ ಅದ್ದಿ ಖಾಲಿ ಮಾಡಿದರು. ಮಧ್ಯಾಹ್ನಕ್ಕೆ ಅಂತ ಇಟ್ಟಿದ್ದೂ ಹೋಯಿತು.

ಹನ್ನೆರಡಕ್ಕೆ, ಬಫೆ ತೆರೆಯುವ ಮೊದಲೇ, ಒಳಗಿನಿಂದ ನೇರವಾಗಿ ಒಂದು ತಟ್ಟೆ ಬಿಸಿ ಅನ್ನ ಕೊಟ್ಟರು. ಬಫೆ ತೆರೆದ ಮೇಲೆ ಪಲಾವಿನ ಸೌಟು ಅನ್ನಕ್ಕೆ, ಅನ್ನದ ಸೌಟು ಗ್ರೇವಿಗೆ ಓಡಾಡುತ್ತೆ, ಆಮೇಲೆ ನಂಬೋದು ಕಷ್ಟ. ಅನ್ನ ಅವರದು, ಸಾರು ನನ್ನ ಫ್ಲಾಸ್ಕಿನದು. ಅಡುಗೆಯವನೇ ಹೊರಗೆ ಬಂದು ಮಗನಿಗೆ ಚೀಟಿ ತೋರಿಸಿ, "ಯೇ ತುಮ್ಹಾರಾ ಹೈ?" ಅಂತ ನಕ್ಕ. ಉಂಡ ಮೇಲೆ ಒಂದು ಗಂಟೆ ರೈಡ್ ಇಲ್ಲ. ಓಡಾಟ, ನಿದ್ದೆಗೇಡು ಇದ್ದರೆ ಕಮ್ಮಿ ಪ್ರಮಾಣಕ್ಕೂ ಮೈ ಕೆರಳುತ್ತೆ. ನಾಲ್ಕಕ್ಕೆ ಸೀಲ್ ಇರುವ ಐಸ್‌ಕ್ಯಾಂಡಿ, ಲೇಬಲ್ ಅವನೇ ಓದಿದ.

ಅದಕ್ಕೆ ಮುಂಚೆ, ಮೂರರ ಹೊತ್ತಿಗೆ, ಒಂದು ಸಲ ಎದೆ ಧಸಕ್ಕೆಂದಿತ್ತು. ವೇವ್ ಪೂಲಿನಿಂದ ಬಂದವನ ಕುತ್ತಿಗೆಯೆಲ್ಲ ಕೆಂಪು ಕೆಂಪು. ಫ್ಲಾಸ್ಕ್ ಮುಚ್ಚಳ ತಿರುಗಿಸಿಯೇಬಿಟ್ಟಿದ್ದೆ. ಉಬ್ಬಿಲ್ಲ, ತುರಿಕೆಯಿಲ್ಲ, ಕೆಮ್ಮಿಲ್ಲ, ನೈಲಾನ್ ಬಟ್ಟೆಯ ಅಂಚು ಉಜ್ಜಿದ ಗೆರೆಯಷ್ಟೇ. "ಅಮ್ಮಾ, ಇಪ್ಪತ್ತು ಹೆಜ್ಜೆ" ಅಂದ.

ಪಾಪ್‌ಕಾರ್ನ್ ಒಂದು ಇನ್ನೂ ಬಗೆಹರಿದಿಲ್ಲ. ಮಷೀನಿಗೆ ಯಾವ ಎಣ್ಣೆ ಹಾಕ್ತಾರೆ ಅಂತ ಗಾಡಿಯವನಿಗೇ ಗೊತ್ತಿಲ್ಲ. ಎಣ್ಣೆ ಹಳದಿ ಮುದ್ದೆಯಾಗಿ ಬರುತ್ತೆ, ಹೆಸರಿಲ್ಲದ ಬಕೆಟ್ಟಿನಲ್ಲಿ. ಮೇ ತಿಂಗಳಲ್ಲಿ ನಾದಿನಿ ಮಕ್ಕಳ ಜೊತೆ ಮತ್ತೆ ಹೊರಟಿದ್ದೇವೆ. ಆ ಬಕೆಟ್ ಎಲ್ಲಿಂದ ಬರುತ್ತೆ ಅಂತ ವಿಚಾರಿಸುತ್ತಿದ್ದೇನೆ. ಅತ್ತೆಯವರೂ ಬರ್ತಾರಂತೆ, ಐವತ್ತು ರೊಟ್ಟಿ ತಾವೇ ಬಡಿದು ತರ್ತೀನಿ ಅಂದಿದ್ದಾರೆ.