ಕ್ಯಾಲ್ಕುಲಸ್ ತರಗತಿಗೆ ಹೊಸ ಕ್ಯಾಲ್ಕುಲೇಟರ್ ಬೇಕೇ? ಮಲೆನಾಡಿನಿಂದ ಅಮೆರಿಕಕ್ಕೆ ಹೊರಟವರಿಗೆ

ಕಳೆದ ಮಳೆಗಾಲದಲ್ಲಿ ನಾನು ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯ ಮೇಲೆ ಕುಳಿತಿದ್ದಾಗ, ಪ್ರಥಮ ಪಿಯುಸಿ ಮುಗಿಸಿ ತಂದೆತಾಯಿಯೊಡನೆ ಅಮೆರಿಕಕ್ಕೆ ಹೊರಟಿದ್ದ ನನ್ನ ತಂಗಿಯ ಮಗ ಅಟ್ಟದಿಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ (ಟಿಐ) ಕಂಪನಿಯ ಒಂದು ಹಳೆಯ ಟಿಐ-84 ಪ್ಲಸ್ ಕ್ಯಾಲ್ಕುಲೇಟರನ್ನು ಇಳಿಸಿಕೊಂಡು ಬಂದು, "ಮಾವ, ಅಲ್ಲಿ ಕ್ಯಾಲ್ಕುಲಸ್ ಕ್ಲಾಸಿಗೆ ಇದು ಸಾಕೋ, ಹೊಸದು ತಗೊಳ್ಳಬೇಕೋ?" ಎಂದು ಕೇಳಿದ. ನನ್ನ ಮಗಳು ಶಾಲೆ ಮುಗಿಸಿದ ಮೇಲೆ ನಾನೇ ಊರಿಗೆ ತಂದಿಟ್ಟು ಮರೆತಿದ್ದ ಯಂತ್ರ ಅದು. ಸೆಲ್ ತೆಗೆಯದೆ ಇಟ್ಟದ್ದು ನನ್ನ ತಪ್ಪು. ಹಿಂಬದಿಯ ಮುಚ್ಚಳ ತೆರೆದಾಗ ನಾಲ್ಕು ಸೆಲ್‌ಗಳಲ್ಲಿ ಎರಡು ಸೋರಿ, ಸ್ಪ್ರಿಂಗಿನ ಮೇಲೆ ಸುಣ್ಣ ಮೆತ್ತಿದಂತೆ ಬಿಳಿಯ ಪುಡಿ ಕಟ್ಟಿತ್ತು. ಆ ಪುಡಿ ಕ್ಷಾರವಾದ್ದರಿಂದ ಕಡ್ಡಿಗೆ ಹತ್ತಿ ಸುತ್ತಿ, ನಿಂಬೆರಸದಲ್ಲಿ ಅದ್ದಿ ಒರೆಸಿದೆವು. ಬಚ್ಚಲೊಲೆಯ ಶಾಖ ಹದವಾಗಿ ತಾಗುವ ಕಡೆ ಒಂದು ರಾತ್ರಿ ಒಣಗಲು ಬಿಟ್ಟೆವು. ಮರುದಿನ ಹೊಸ ಸೆಲ್ ಹಾಕಿದಾಗ ಪರದೆ ಮೂಡಿತು. ಅವನ ಪ್ರಶ್ನೆಯನ್ನು ಪ್ರತಿ ವರ್ಷವೂ ಶಿವಮೊಗ್ಗ, ಸಾಗರದ ಕಡೆಯಿಂದ ಬರುವ ಒಂದಲ್ಲ ಒಂದು ಕುಟುಂಬ ನನ್ನಲ್ಲಿ ಕೇಳುವುದರಿಂದ, ಅಂದು ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಪಿಯುಸಿ ಗಣಿತ ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರಿಗೆ ಪ್ರವೇಶವಿಲ್ಲ. ಅಮೆರಿಕದ ಪ್ರೌಢಶಾಲೆಗಳಲ್ಲಿ ನಡೆಯುವ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಶಾಲೆಯಲ್ಲೇ ಕಾಲೇಜು ಮಟ್ಟದ) ಕ್ಯಾಲ್ಕುಲಸ್ ಪರೀಕ್ಷೆಯ ಕೆಲವು ಭಾಗಗಳಿಗೆ, ಇದಕ್ಕೆ ತದ್ವಿರುದ್ಧವಾಗಿ, 1995ರಿಂದ ನಕ್ಷೆ ಬಿಡಿಸಬಲ್ಲ ಗ್ರಾಫಿಂಗ್ ಕ್ಯಾಲ್ಕುಲೇಟರ್ ಕಡ್ಡಾಯವಾಗಿದೆ. ಹಾಗೆಂದು ಪರೀಕ್ಷೆಯೆಲ್ಲ ಯಂತ್ರದ ಮೇಲೆಯೇ ನಡೆಯುತ್ತದೆ ಎಂದು ತಿಳಿಯಬಾರದು. 2025ರ ಪರೀಕ್ಷೆಯಲ್ಲಿ 45 ಬಹುಆಯ್ಕೆ ಪ್ರಶ್ನೆಗಳ ಪೈಕಿ 15ಕ್ಕೆ, ವಿವರವಾಗಿ ಬರೆಯುವ 6 ಪ್ರಶ್ನೆಗಳ ಪೈಕಿ 2ಕ್ಕೆ ಮಾತ್ರ ಅದನ್ನು ಬಳಸುವ ಅವಕಾಶವಿತ್ತು. ಉಳಿದದ್ದೆಲ್ಲ ನಮ್ಮ ಹುಡುಗರಿಗೆ ರೂಢಿಯಿರುವ ಕೈಲೆಕ್ಕವೇ. ಆ ಭಾಗಗಳಲ್ಲೂ ಯಂತ್ರದಿಂದ ನಿರೀಕ್ಷಿಸುವುದು ನಾಲ್ಕೇ ಕೆಲಸಗಳನ್ನು: ಬೇಕಾದ ವ್ಯಾಪ್ತಿಯಲ್ಲಿ ನಕ್ಷೆ ಬಿಡಿಸುವುದು, ಸಮೀಕರಣದ ಮೂಲಗಳನ್ನು ಹುಡುಕುವುದು, ಒಂದು ಬಿಂದುವಿನಲ್ಲಿ ಅವಕಲನದ (ಡೆರಿವೇಟಿವ್) ಬೆಲೆ ಕೊಡುವುದು, ಎರಡು ಮಿತಿಗಳ ನಡುವಿನ ಅನುಕಲನದ (ಇಂಟಿಗ್ರಲ್) ಬೆಲೆ ಕೊಡುವುದು. ನಿಮ್ಮ ಕೈಯಲ್ಲಿರುವ ಹಳೆಯ ಯಂತ್ರ ಈ ನಾಲ್ಕನ್ನೂ ಮಾಡುತ್ತದೆಯೇ ಎಂದು ನೋಡದೆ ಹೊಸದರ ಬೆಲೆ ವಿಚಾರಿಸಲು ಹೋಗಬೇಡಿ.

ನಾವು ಜಗಲಿಯ ಮೇಲೆಯೇ ಪರೀಕ್ಷಿಸಿ ನೋಡಿದೆವು. ಇ ಘಾತ ಋಣ ಎಕ್ಸ್ ವರ್ಗ, ಅಂದರೆ e^(−x²), ಎಂಬ ಫಂಕ್ಷನ್ನಿನ ಅನುಕಲನವನ್ನು ಪಠ್ಯಪುಸ್ತಕದ ಸೂತ್ರಗಳಿಂದ ಬಿಡಿಸಲು ಬರುವುದಿಲ್ಲ. ಸೊನ್ನೆಯಿಂದ ಒಂದರವರೆಗಿನ ಅದರ ಬೆಲೆಯನ್ನು ಕೇಳಿದಾಗ, ಹಳೆಯ ಯಂತ್ರ ತುಸು ಯೋಚಿಸಿ 0.7468 ಎಂದು ಆರಂಭವಾಗುವ ಸರಿಯಾದ ಉತ್ತರವನ್ನು ಕೊಟ್ಟಿತು. ಆಮೇಲೆ ಸೊನ್ನೆಯಲ್ಲಿ ಸೈನ್ ಎಕ್ಸ್‌ನ ಅವಕಲನವನ್ನು ಕೇಳಿದೆವು. ಉತ್ತರ ಒಂದು ಎಂದು ಬರಬೇಕಿತ್ತು, 0.01745 ಎಂದು ಬಂತು. ಹುಡುಗ ಯಂತ್ರ ಕೆಟ್ಟಿದೆ ಎಂದೇ ಭಾವಿಸಿದ. ಕೆಟ್ಟಿರಲಿಲ್ಲ, ಅದು ಡಿಗ್ರಿಯಲ್ಲಿ ಲೆಕ್ಕ ಹಾಕುತ್ತಿತ್ತು. ಕ್ಯಾಲ್ಕುಲಸ್ಸಿಗೆ ಕೋನದ ಇನ್ನೊಂದು ಅಳತೆಯಾದ ರೇಡಿಯನ್ನೇ ಬೇಕು, ಮತ್ತು ಈ ತಪ್ಪಿಗೆ ಹೋಗುವ ಅಂಕಗಳನ್ನು ಯಾವ ದುಬಾರಿ ಯಂತ್ರವೂ ಉಳಿಸಿಕೊಡುವುದಿಲ್ಲ. ಕೊನೆಗೆ ಎಕ್ಸ್‌ನ ನಿರಪೇಕ್ಷ ಬೆಲೆಗೆ ಸೊನ್ನೆಯಲ್ಲಿ ಅವಕಲನ ಕೇಳಲು ಹೇಳಿದೆ. ಅಲ್ಲಿ ನಕ್ಷೆ ಚೂಪಾಗಿ ತಿರುಗುವುದರಿಂದ ಅವಕಲನವೇ ಇಲ್ಲ, ಆದರೂ ಯಂತ್ರ ಸೊನ್ನೆ ಎಂದಿತು. ಅದು ಬಿಂದುವಿನ ಎರಡೂ ಬದಿಗೆ 0.001ರಷ್ಟು ಸರಿದು, ಆ ಎರಡು ತಾಣಗಳನ್ನು ಸೇರಿಸುವ ಗೆರೆಯ ಇಳಿಜಾರನ್ನು ಮಾತ್ರ ಅಳೆಯುತ್ತದೆ. ನಡುವಿನ ಮೂಲೆ ಅದರ ಕಣ್ಣಿಗೆ ಬೀಳುವುದಿಲ್ಲ. ಬಣ್ಣದ ಪರದೆಯ ಹೊಸ ಮಾದರಿಯೂ ಇದೇ ಉತ್ತರವನ್ನು ಕೊಡುತ್ತದೆ.

ಹಾಗಾದರೆ ಹೊಸದರಲ್ಲಿ ಏನಿದೆ? 2004ರ ಟಿಐ-84 ಪ್ಲಸ್‌ನ ಕಪ್ಪುಬಿಳುಪು ಪರದೆಯಲ್ಲಿ ಅಡ್ಡಕ್ಕೆ 96, ಉದ್ದಕ್ಕೆ 64 ಚುಕ್ಕಿಗಳಿವೆ. 2015ರ ಟಿಐ-84 ಪ್ಲಸ್ ಸಿಇಯಲ್ಲಿ ಅವು 320 ಮತ್ತು 240 ಆಗಿ, ಪರದೆಗೆ ಬಣ್ಣ ಬಂದು, ಸೆಲ್‌ಗಳ ಬದಲು ಚಾರ್ಜ್ ಮಾಡುವ ಬ್ಯಾಟರಿ ಬಂದಿದೆ. ಎರಡು ವಕ್ರರೇಖೆಗಳು ಹತ್ತಿರ ಹತ್ತಿರ ಹಾಯ್ದಾಗ ಬಣ್ಣ ನಿಜಕ್ಕೂ ಸಹಾಯ ಮಾಡುತ್ತದೆ, ವೇಗವೂ ಹೆಚ್ಚು. ಕೀಲಿಗಳ ಜೋಡಣೆ ಮಾತ್ರ ಬಹುಮಟ್ಟಿಗೆ ಅದೇ. ಮಗುವಿನ ಬಳಿ ಇರುವುದು ಬರಿಯ ಸೈಂಟಿಫಿಕ್ ಕ್ಯಾಲ್ಕುಲೇಟರ್ ಆಗಿದ್ದರೆ ಅಥವಾ ಹಳೆಯದರ ಪರದೆಯಲ್ಲಿ ಗೆರೆಗಳು ಅಳಿಸಿಹೋಗಿದ್ದರೆ ಖಂಡಿತ ಕೊಳ್ಳಿ. ಇಲ್ಲವಾದರೆ ನೂರು ಡಾಲರನ್ನು ಮೀರುವ ಆ ಹಣವನ್ನು ಮೊದಲ ಚಳಿಗಾಲದ ಕೋಟ್‌ಗೆ ಇಟ್ಟುಕೊಳ್ಳಿ, ಅದು ಹೆಚ್ಚು ಅಗತ್ಯ.

ದೊಡ್ಡದೇ ಒಳ್ಳೆಯದು ಎಂಬ ನಂಬಿಕೆಯಿಂದ ನಾನೊಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಮಗಳಿಗೆ ಮೊದಲು ಕೊಡಿಸಿದ್ದು ಟಿಐ-89. ಅಕ್ಷರಗಳಲ್ಲೇ ಅವಕಲನ, ಅನುಕಲನಗಳನ್ನು ಬಿಡಿಸಿಕೊಡುವ ಆ ಯಂತ್ರಕ್ಕೆ ಎಪಿ ಪರೀಕ್ಷೆಯಲ್ಲಿ ಒಪ್ಪಿಗೆಯಿದೆ, ಆದರೆ ಕಾಲೇಜು ಪ್ರವೇಶದ ಎಸಿಟಿ ಪರೀಕ್ಷೆಯಲ್ಲಿ ನಿಷೇಧವಿದೆ. ಅದು ತಿಳಿದ ಮೇಲೆ ಕೊಂಡದ್ದೇ ಅಟ್ಟದಲ್ಲಿದ್ದ ಈ 84 ಪ್ಲಸ್.

ಅಂಗಡಿಗೆ ಹೋಗುವ ಮೊದಲು ಗಣಿತದ ಅಧ್ಯಾಪಕರಿಗೆ ಒಂದು ಇಮೇಲ್ ಬರೆಯಿರಿ. ವರ್ಷವಿಡೀ ಬಳಸಲು ಕ್ಯಾಲ್ಕುಲೇಟರನ್ನು ಎರವಲು ಕೊಡುವ ಶಾಲೆಗಳು ಅಲ್ಲಿ ಸಾಕಷ್ಟಿವೆ. ಕೇಳಲು ಸಂಕೋಚ ಪಡುವುದು ನಮ್ಮವರೇ, ಕೊಡುವವರಿಗೆ ಅದು ದಿನನಿತ್ಯದ ಕೆಲಸ. 2025ರಿಂದ ಎಪಿ ಕ್ಯಾಲ್ಕುಲಸ್ ಪರೀಕ್ಷೆ ನಡೆಯುವ ತಂತ್ರಾಂಶದಲ್ಲೇ ಡೆಸ್ಮೋಸ್ ಎಂಬ ಗ್ರಾಫಿಂಗ್ ಕ್ಯಾಲ್ಕುಲೇಟರ್ ಸೇರಿಕೊಂಡಿದೆ. ಅದು ಅಂತರಜಾಲದಲ್ಲಿ ಉಚಿತವಾಗಿ ಸಿಗುವುದರಿಂದ ಊರಿನಲ್ಲಿದ್ದಾಗಲೇ ಅಭ್ಯಾಸ ಮಾಡಬಹುದು. ಆದರೂ ಎಷ್ಟೋ ಅಧ್ಯಾಪಕರು ತರಗತಿಯ ಕಿರುಪರೀಕ್ಷೆಗಳಲ್ಲಿ ಫೋನು, ಲ್ಯಾಪ್‌ಟಾಪುಗಳಿಗೆ ಅವಕಾಶ ಕೊಡುವುದಿಲ್ಲ. ಕೈಯಲ್ಲಿ ಹಿಡಿಯುವ ಯಂತ್ರ ಬೇಕಾಗುವುದು ಹೆಚ್ಚಾಗಿ ಅಲ್ಲಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಹಳದಿ ಬಣ್ಣದ, ಶಾಲೆಯ ಆಸ್ತಿ ಎಂದು ಮುದ್ರಿತವಾದ ಟಿಐ ಯಂತ್ರಗಳನ್ನು ಮುಟ್ಟಬೇಡಿ. ಅವನ್ನು ಶಾಲೆಗಳಿಗೆಂದೇ ತಯಾರಿಸುವುದು, ಮಾರಾಟಕ್ಕೆ ಬಂದಿದ್ದರೆ ಎಲ್ಲಿಂದಲೋ ಎತ್ತಿ ತಂದದ್ದಾಗಿರುವ ಸಂಭವವೇ ಹೆಚ್ಚು.

ಪಿಯುಸಿಯಲ್ಲಿ ಪಳಗಿದವರು ರೂಢಿಸಿಕೊಳ್ಳಬೇಕಾದ ಪದ್ಧತಿ ಬೇರೆ ಇದೆ. ಎಪಿ ಪರೀಕ್ಷೆಯ ವಿವರವಾಗಿ ಬರೆಯುವ ಪ್ರಶ್ನೆಗಳಲ್ಲಿ ಯಂತ್ರದಿಂದ ಉತ್ತರ ಪಡೆದರೂ ಯಾವ ಅನುಕಲನದ ಬೆಲೆ ಅದು ಎಂಬುದನ್ನು ಗಣಿತದ ಸಂಕೇತಗಳಲ್ಲೇ ಬರೆದಿರಬೇಕು. ಒತ್ತಿದ ಕೀಲಿಗಳ ಹೆಸರು ಬರೆದರೆ ಅಂಕವಿಲ್ಲ. ಅಂತಿಮ ಉತ್ತರ ಮೂರು ದಶಮಾಂಶ ಸ್ಥಾನಗಳವರೆಗೆ ನಿಖರವಾಗಿರಬೇಕು. ನಡುವಿನ ಹಂತದಲ್ಲಿ ಅಂಕಿಗಳನ್ನು ಮೊಟಕು ಮಾಡಿಕೊಂಡರೆ ಆ ಮೂರನೆಯ ಸ್ಥಾನವೇ ತಪ್ಪಿಹೋಗುತ್ತದೆ.

ಹುಡುಗ ಹಳೆಯ ಯಂತ್ರವನ್ನೇ ಕೊಂಡೊಯ್ದ. ಹೊರಡುವ ಹಿಂದಿನ ದಿನ ಅದನ್ನು ರೇಡಿಯನ್ನಿಗೆ ಬದಲಿಸಿ, ಸೆಲ್‌ಗಳನ್ನು ತೆಗೆದು ಬೇರೆ ಡಬ್ಬಿಯಲ್ಲಿ ಹಾಕಿ, ಎರಡನ್ನೂ ಕೈಚೀಲದಲ್ಲಿ ಇಟ್ಟುಕೊಂಡ.