ಉದ್ಯಮಬಾಗದಲ್ಲಿ ತಯಾರಾದ ಟೆಲಿಸ್ಕೋಪ್ ರಿಂಗ್‌ಗಳು: ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಚಿಕ್ಕ ಮಷಿನ್ ಶಾಪ್. ದಿನಾ ಇರೋದು ಪಂಪ್, ವಾಲ್ವ್ ಕೆಲಸ. ಬಾಹ್ಯಾಕಾಶಕ್ಕೆ ಹೋಗುವ ಟೆಲಿಸ್ಕೋಪಿನ ಕನ್ನಡಿ ಹಿಡಿಯುವ ರಿಂಗ್‌ಗಳ ಡ್ರಾಯಿಂಗ್ ಬಂದಾಗ ಮೊದಲು ಲೋಹದ ಹೆಸರು ನೋಡಿದೆ: ಇನ್ವಾರ್.

ಕಬ್ಬಿಣಕ್ಕೆ ಶೇ. 36ರಷ್ಟು ನಿಕ್ಕಲ್ ಸೇರಿಸಿದರೆ ಇದು ಆಗುತ್ತದೆ. ಒಂದು ಮೀಟರ್ ಅಲ್ಯುಮಿನಿಯಂ ಕೊಳವೆ 10 ಡಿಗ್ರಿ ಬಿಸಿಯಾದರೆ ಸುಮಾರು 230 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು ಅಂದರೆ ಒಂದು ಮೈಕ್ರಾನ್) ಹಿಗ್ಗುತ್ತದೆ, ಇನ್ವಾರ್ ಹತ್ತು-ಹದಿನೈದು ಮೈಕ್ರಾನ್ ಅಷ್ಟೇ. ಕಕ್ಷೆಯಲ್ಲಿ ಬಿಸಿಲು ನೆರಳು ಬದಲಾಗ್ತಾನೇ ಇರುತ್ತದೆ, ಎರಡು ಕನ್ನಡಿಗಳ ನಡುವಿನ ಅಂತರ ಸ್ವಲ್ಪ ಸರಿದರೂ ಫೋಕಸ್ ಕೆಡುತ್ತದೆ, ಅದಕ್ಕೇ ಇಷ್ಟು ದುಬಾರಿ ಲೋಹ.

ಟರ್ನಿಂಗ್‌ಗೆ (ಲೇತ್ ಮೇಲೆ ತಿರುಗಿಸಿ ಕತ್ತರಿಸುವುದಕ್ಕೆ) ಮಾತ್ರ ಸತಾಯಿಸುತ್ತದೆ. ಅಂಟಂಟಾಗಿ ಬರುತ್ತದೆ, ಟೂಲ್ ಮೊಂಡಾದರೆ ಮೇಲ್ಮೈ ಗಟ್ಟಿಯಾಗಿಬಿಡುತ್ತದೆ. ಹರಿತವಾದ ಕಾರ್ಬೈಡ್ ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ), ಕಡಿಮೆ ಸ್ಪೀಡ್, ಧಾರಾಳ ಕೂಲಂಟ್ (ತಂಪು ಮಾಡುವ ದ್ರವ) ಬೇಕು. ರಫ್ ಕಟ್ ಆದ ಮೇಲೆ ಸ್ಟ್ರೆಸ್ ರಿಲೀವಿಂಗ್ (ಬಿಸಿ ಮಾಡಿ ಲೋಹದೊಳಗಿನ ಬಿಗಿತ ಇಳಿಸುವುದು) ಮಾಡಿಸಿ ಆಮೇಲೆ ಫಿನಿಶ್ ಕಟ್. ಇದನ್ನು ಬಿಟ್ಟರೆ ತೆಳು ರಿಂಗ್ ಚಕ್‌ನಿಂದ ಇಳಿಸಿದ ಕೂಡಲೇ ರೌಂಡ್ ತಪ್ಪುತ್ತದೆ.

ಅಳತೆ ಇನ್ನೂ ಕಷ್ಟ. ಡ್ರಾಯಿಂಗಿನ ಅಳತೆಗಳೆಲ್ಲ 20 ಡಿಗ್ರಿಗೆ. ಏಪ್ರಿಲ್ ಮಧ್ಯಾಹ್ನ ಶಾಪ್‌ನಲ್ಲಿ ಇನ್ವಾರ್ ಇದ್ದ ಹಾಗೇ ಇರುತ್ತದೆ, ಉಕ್ಕಿನ ಮೈಕ್ರೋಮೀಟರ್ರೇ ಹಿಗ್ಗುತ್ತದೆ! 300 ಮಿ.ಮೀ. ಉಕ್ಕು 15 ಡಿಗ್ರಿಗೆ ಸುಮಾರು 50 ಮೈಕ್ರಾನ್ ಬೆಳೆಯುತ್ತದೆ. ಹಾಗಾಗಿ ಜಾಬ್, ಮೈಕ್ರೋಮೀಟರ್ ಎರಡನ್ನೂ ರಾತ್ರಿಯಿಡೀ ಎಸಿ ರೂಮಿನಲ್ಲಿಟ್ಟು ಬೆಳಗ್ಗೆ ಅಳೆಯುತ್ತಿದ್ದೆವು. ನಮ್ಮೂರ ಮಳೆಗಾಲದಲ್ಲಿ ಬರಿಗೈಲಿ ಮುಟ್ಟಿದರೆ ಬೆರಳಚ್ಚಿನ ಆಕಾರಕ್ಕೇ ತುಕ್ಕು ಏಳುತ್ತದೆ, ಗ್ಲೌಸ್ ಇಲ್ಲದೆ ಯಾರೂ ಮುಟ್ಟುವ ಹಾಗಿರಲಿಲ್ಲ.

ನನಗೆ ಅತಿ ಮುಖ್ಯ ಅನಿಸಿದ್ದು ಆರ್‌ಪಾರ್ ಇಲ್ಲದ, ಅಂದರೆ ತಳ ಮುಚ್ಚಿದ, ಟ್ಯಾಪಿಂಗ್ ತೂತುಗಳು (ಬೋಲ್ಟ್ ಕೂರಲು ಒಳಗೆ ಮರೆ ಹಾಕಿದ ತೂತುಗಳು). ತಳದಲ್ಲಿ ಒಂದು ಹನಿ ಎಣ್ಣೆ ಉಳಿದರೂ ನಿರ್ವಾತದಲ್ಲಿ ಆವಿಯಾಗಿ ಕನ್ನಡಿ ಮೇಲೆ ಕೂರುತ್ತದೆ. ನೇರಳಾತೀತ ಬೆಳಕಿಗೆ ಆ ತೆಳು ಪದರವೂ ಅಡ್ಡಿ. ಭಾರತದ ಖಗೋಳ ವೀಕ್ಷಣಾ ಉಪಗ್ರಹ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಹಾರಿತಲ್ವಾ, ಅದರ ನೇರಳಾತೀತ ಟೆಲಿಸ್ಕೋಪಿನ ಬಾಗಿಲು ತೆರೆದದ್ದು ನವೆಂಬರ್ 30ಕ್ಕೆ. ಉಪಗ್ರಹದೊಳಗಿನ ಇಂಥ ಆವಿಯೆಲ್ಲ ಹೊರಗೆ ಹೋಗಲಿ ಅಂತ ಅಷ್ಟು ಕಾದರು. ನಾವು ಪ್ರತಿ ತೂತನ್ನೂ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ, ಬಿಳಿ ಸ್ವಾಬ್ ತಿರುಗಿಸಿ ತೆಗೆಯುತ್ತಿದ್ದೆವು. ಸ್ವಾಬ್ ತುದಿ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ಮೊದಲಿಂದ.

ಬೆಂಗಳೂರಿನ ಕ್ಲೀನ್ ರೂಮಿನಲ್ಲಿ ಜೋಡಿಸುವಾಗ ಬೋಲ್ಟ್‌ಗಳನ್ನು ಎದುರುಬದುರಾಗಿ, ಟಾರ್ಕ್ ವ್ರೆಂಚ್‌ನಲ್ಲಿ ಹಂತಹಂತವಾಗಿ ಬಿಗಿದರು. ಒಂದೇ ಕಡೆಯಿಂದ ಬಿಗಿದರೆ ರಿಂಗ್ ಸೊಟ್ಟಗಾಗಿ ಆ ಒತ್ತಡ ಕನ್ನಡಿಗೆ ಹೋಗುತ್ತದೆ. ಬೋಲ್ಟ್ ಕೆಳಗೆ ಗಾಳಿ ಸಿಕ್ಕಿಕೊಳ್ಳದಂತೆ ನಡುವೆ ತೂತಿರುವ ಬೋಲ್ಟ್‌ಗಳನ್ನೇ ಹಾಕಿದರು.

ಇಂಥ ಕೆಲಸ ಹಿಡಿಯುವವರು ಯಾವ ಕೂಲಂಟ್ ನಡೆಯುತ್ತದೆ ಅಂತ ಡ್ರಾಯಿಂಗ್ ಬಂದ ದಿನವೇ ಬರಹದಲ್ಲಿ ಕೇಳಿಕೊಳ್ಳಿ. ತೊಳೆಯುವ ಖರ್ಚನ್ನು ಕೊಟೇಶನ್‌ನಲ್ಲಿ ಬೇರೆಯಾಗಿ ತೋರಿಸಿ, ಟರ್ನಿಂಗ್‌ಗಿಂತ ಅದಕ್ಕೇ ಜಾಸ್ತಿ ಸಮಯ ಹಿಡಿಯುತ್ತದೆ.