ಮನೆಯ ಪೆಟ್ಟು: ಶಿಸ್ತು ಯಾವುದು, ಹಿಂಸೆ ಯಾವುದು ಅಂತ ನಾನು ನೋಡುವ ಬಗೆ

ಬ್ಯಾಡಗಿ ಸೀಮೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್. ಮಗುವನ್ನು ಶಾಲೆಗೆ ಸೇರಿಸಲು ಬಂದ ಅಪ್ಪಂದಿರು ಇವತ್ತಿಗೂ ಹೇಳುವ ಮಾತೊಂದಿದೆ: "ಬೇಕಾದಷ್ಟು ಬಡೀರಿ ಟೀಚರ್, ಎಲುಬು ಮುರೀಬ್ಯಾಡ್ರಿ ಅಷ್ಟ." 'ಛಡಿ ಛಮ್ ಛಮ್, ವಿದ್ಯಾ ಘಮ್ ಘಮ್' ಅಂತ ಕೇಳಿಕೊಂಡೇ ದೊಡ್ಡವರಾದವರು ಅವರು. ಅವರಿಗೆ ನನ್ನ ಉತ್ತರ ಸಣ್ಣದು. ಶಾಲೆಯಲ್ಲಿ ಹೊಡೆಯುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅಪ್ಪ ಒಪ್ಪಿಗೆ ಕೊಟ್ಟರೂ ಅದು ಬದಲಾಗುವುದಿಲ್ಲ.

ಕಷ್ಟ ಇರುವುದು ಮನೆಯಲ್ಲಿ ಬಿದ್ದ ಪೆಟ್ಟಿನ ವಿಷಯದಲ್ಲಿ. ಸ್ವೀಡನ್ 1979ರಲ್ಲೇ ಅಪ್ಪ ಅಮ್ಮನೂ ಮಗುವಿಗೆ ಹೊಡೆಯಬಾರದು ಅಂತ ಕಾನೂನು ಮಾಡಿತು. ನಮ್ಮಲ್ಲಿ ಹಾಗೆ ನೇರವಾಗಿ ಹೇಳುವ ಕಾನೂನು ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಮಾತ್ರ ಇದೆ. ಮಗುವನ್ನು ನೋಡಿಕೊಳ್ಳಬೇಕಾದವರೇ ಅದರ ಮೇಲೆ ಕ್ರೌರ್ಯ ಮಾಡಿದರೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಆದರೆ ಅವಸರದಲ್ಲಿ ಬಿದ್ದ ಒಂದು ಏಟು ಯಾವುದು, ಕ್ರೌರ್ಯ ಯಾವುದು? ಬೆಳಗ್ಗೆ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಬರುವಾಗ ಅದನ್ನು ಮೊದಲು ಕಾಣಬೇಕಾದವರು ನಾವು.

ನಾನು ಮೊದಲು ನೋಡುವುದು ಗಾಯ ಎಲ್ಲಿದೆ ಅಂತ. ಓಡಿ ಆಡಿ ಬಿದ್ದ ಮಗುವಿಗೆ ಮೊಣಕಾಲು, ಮುಂಗಾಲು, ಮೊಣಕೈ, ಹಣೆ, ಗದ್ದ ತರಚುತ್ತವೆ. ಕಿವಿ, ಕುತ್ತಿಗೆ, ಬೆನ್ನು, ಕುಂಡಿ, ತೊಡೆಯ ಹಿಂಭಾಗ, ತೋಳಿನ ಒಳಭಾಗ ಬಿದ್ದರೆ ಅಷ್ಟು ಸುಲಭವಾಗಿ ಕಂದುವುದಿಲ್ಲ. ಅಲ್ಲಿ ಗುರುತು ಕಂಡರೆ ನಾನು ನಿಲ್ಲುತ್ತೇನೆ. ಆಮೇಲೆ ಆಕಾರ. ವೈರನ್ನೋ ಹಗ್ಗವನ್ನೋ ಮಡಚಿ ಹೊಡೆದರೆ ಚರ್ಮದ ಮೇಲೆ ಕುಣಿಕೆಯಂಥ ಗುರುತು ಮೂಡುತ್ತದೆ. ಕೋಲಿನ ಏಟು ಎಷ್ಟೋ ಸಲ ಎರಡು ಸಮಾನಾಂತರ ಗೆರೆ ಬಿಡುತ್ತದೆ, ನಡುವಿನ ಚರ್ಮ ತಿಳಿಯಾಗಿರುತ್ತದೆ. ಕಂದಿದ ಜಾಗದ ಬಣ್ಣ ನೋಡಿ "ಇದು ಮೊನ್ನೆಯದು, ಇದು ಹೋದ ವಾರದ್ದು" ಅಂತ ಹೇಳುವವರಿದ್ದಾರೆ. ಬಣ್ಣದಿಂದ ದಿನ ಹೇಳಲು ಡಾಕ್ಟರಿಗೂ ಆಗುವುದಿಲ್ಲ. ಅಂಗನವಾಡಿಯವರಿಗೆ ಇನ್ನೊಂದು ಮಾತು. ಎಳೆ ಮಕ್ಕಳ ಸೊಂಟದ ಕೆಳಗೆ ಹುಟ್ಟಿನಿಂದಲೇ ನೀಲಿ ಮಚ್ಚೆ ಇರುವುದು ನಮ್ಮಲ್ಲಿ ಬಹಳ ಸಾಮಾನ್ಯ. ಅದನ್ನು ಪೆಟ್ಟು ಅಂದುಕೊಂಡು ಆ ತಾಯಿಯನ್ನು ನೋಯಿಸಬೇಡಿ.

ಗಾಯ ನೋಡಿದ್ದರಿಂದಲೇ ತೀರ್ಮಾನ ಆಗದಿದ್ದರೆ ಮಗುವಿನ ಹತ್ತಿರ ಮಾತಿಗೆ ಕೂರುತ್ತೇನೆ. ತರಗತಿಯ ಮುಂದೆ ಅಲ್ಲ, ಬಿಸಿಯೂಟದ ಹೊತ್ತಿನಲ್ಲಿ, ಪಕ್ಕದಲ್ಲಿ ಕೂತು. "ಏನಾಯ್ತು?" ಅಷ್ಟೇ ಕೇಳುತ್ತೇನೆ. "ಅಪ್ಪ ಹೊಡೆದ್ರಾ?" ಅಂತ ಕೇಳಿದರೆ ಉತ್ತರವನ್ನು ನಾವೇ ಬಾಯಿಗೆ ಇಟ್ಟ ಹಾಗೆ. ಪೆಟ್ಟು ಬಿದ್ದದ್ದು ಹೌದು ಅಂತ ಅದೇ ಹೇಳಿದ ಮೇಲೆ ಎರಡು ಪ್ರಶ್ನೆ. ಯಾಕೆ ಹೊಡೆದರು? ಏನು ಮಾಡಿದ್ದರೆ ಹೊಡೆಯುತ್ತಿರಲಿಲ್ಲ?

ಒಂದು ಹುಡುಗಿ ಹೇಳುತ್ತಾಳೆ: "ತಂಗೀನ ಬಾಂವಿ ಹತ್ರ ಬಿಟ್ಟು ಆಡಾಕ ಹೋಗಿದ್ದೆ. ಅವ್ವ ಅಂಜಿದ್ಲು." ಅವಳಿಗೆ ಕಾರಣ ಗೊತ್ತು. ಅವ್ವನ ಭಯವೂ ಗೊತ್ತು. ನಾಳೆ ಏನು ಮಾಡಬಾರದು ಅನ್ನುವುದೂ ಗೊತ್ತು. ಆ ಪೆಟ್ಟನ್ನು ನಾನು ಒಪ್ಪುವುದಿಲ್ಲ. ಆದರೆ ಆ ತಾಯಿಯ ಜೊತೆ ನಾನೇ ಕೂತು ಮಾತಾಡಬಹುದು. ಇನ್ನೊಬ್ಬ ಹುಡುಗ ಎರಡೂ ಪ್ರಶ್ನೆಗೆ "ಗೊತ್ತಿಲ್ರಿ" ಅನ್ನುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪ ಬಾಗಿಲ ಮುಂದ ಚಪ್ಪಲಿ ಬಿಡೂ ಸಪ್ಪಳದಾಗ ತಿಳೀತೈತ್ರಿ" ಅನ್ನುತ್ತಾನೆ. ಅವನು ಏನು ಮಾಡಿದರೂ, ಮಾಡದಿದ್ದರೂ ಪೆಟ್ಟು ಬೀಳುತ್ತದೆ. ಆ ಮನೆಯಲ್ಲಿ ಹುಡುಗ ಕಲಿಯುತ್ತಿರುವುದು ಸಪ್ಪಳ ಗುರುತಿಸುವುದನ್ನು ಮಾತ್ರ. ಅಂಥ ಮಗುವಿನ ಮೈಮೇಲೆ ಒಂದೂ ಗುರುತು ಇಲ್ಲದಿದ್ದರೂ ನಾನು ಸುಮ್ಮನೆ ಕೂರುವುದಿಲ್ಲ.

ಹಾಗಂತ ಕಾರಣ ಗೊತ್ತಿದ್ದರೆ ಎಲ್ಲವೂ ಸರಿಯಾಗಿಬಿಡುತ್ತದಾ? ಇಲ್ಲ. ನಮ್ಮ ಭಾಗದಲ್ಲಿ ಇದನ್ನು ಒತ್ತಿ ಹೇಳಲೇಬೇಕು, ಯಾಕೆಂದರೆ ಇಲ್ಲಿ ಮೆಣಸಿನಕಾಯಿ ಹೊಗೆ ಇದೆ. ಕೆಂಡದ ಮೇಲೆ ಒಣ ಕಾಯಿ ಹಾಕಿ ಮಗುವಿನ ಮುಖವನ್ನು ಆ ಹೊಗೆಗೆ ಹಿಡಿಯುವುದು. ಕದ್ದದ್ದಕ್ಕೆ, ಸುಳ್ಳು ಹೇಳಿದ್ದಕ್ಕೆ ಇದು ಹಳೆಯ ಶಿಕ್ಷೆ. ನಮ್ಮ ಶಾಲೆಯ ಒಬ್ಬ ಹುಡುಗ ಕಣ್ಣು ಕೆಂಪಗೆ ಮಾಡಿಕೊಂಡು, ಕೆಮ್ಮುತ್ತಾ ಬಂದ. ನನ್ನ ಎರಡೂ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಿದ. ರೊಕ್ಕ ಕದ್ದಿದ್ದ, ಕದಿಯದಿದ್ದರೆ ಅವ್ವ ಏನೂ ಮಾಡುತ್ತಿರಲಿಲ್ಲ. ಅವನ ತಾಯಿ ಸೀಸನ್‌ನಲ್ಲಿ ದಿನವಿಡೀ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸುವ ಕೆಲಸಕ್ಕೆ ಹೋಗುವವರು. ಮಗ ಕಳ್ಳನಾಗಬಾರದು ಅನ್ನುವ ಆಸೆ ಅವರದು. "ನಮ್ಮವ್ವನೂ ನನಗ ಹಾಕ್ತಿದ್ಲ್ರಿ. ನಮ್ಮ ಬ್ಯಾಡಗಿ ಕಾಯಿಗೆ ಖಾರ ಎಲ್ಲೈತ್ರಿ?" ಅಂತ ಆಮೇಲೆ ನನ್ನನ್ನೇ ಕೇಳಿದರು.

ನಿಜ, ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೆ ಖಾರ ಕೊಡುವ ಕ್ಯಾಪ್ಸೈಸಿನ್ ಅದರಲ್ಲೂ ಇದೆ. ಸುಟ್ಟ ಹೊಗೆಯ ಜೊತೆ ಒಳಗೆ ಹೋದರೆ ಅದು ಶ್ವಾಸನಾಳವನ್ನು ಕೆರಳಿಸಿ ಬಿಗಿ ಮಾಡುತ್ತದೆ. ದಮ್ಮು ಇರುವ ಮಗುವಿನ ಜೀವಕ್ಕೇ ಅಪಾಯ. ಹಾಗಾಗಿ ಅವತ್ತು ಮೊದಲು ಮಾಡಿದ್ದು ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದು. ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದು. ಕೂಸಿನ ಹೊಟ್ಟೆಗೆ ಬರೆ ಹಾಕುವ ಅಜ್ಜಿಯರ ವಿಷಯದಲ್ಲೂ ನನ್ನ ಲೆಕ್ಕ ಇದೇ. ಕಾಮಾಲೆ ಹೋಗಲಿ ಅಂತ ಪ್ರೀತಿಯಿಂದಲೇ ಹಾಕುತ್ತಾರೆ. ಸುಡುವುದು ಮಗುವಿನ ಚರ್ಮ ತಾನೇ? ದೊಡ್ಡವರ ಉದ್ದೇಶ ಕೇಳುವುದು ಅವರಿಗೆ ಹೇಗೆ ತಿಳಿಸಿ ಹೇಳಬೇಕು ಅನ್ನುವುದಕ್ಕೆ ಬೇಕಾಗುತ್ತದೆ, ಹಿಂಸೆ ಆಯಿತೋ ಇಲ್ಲವೋ ಅನ್ನುವುದಕ್ಕೆ ಬೇಡ.

1098 ದಿನದ 24 ಗಂಟೆಯೂ ಇರುವ ಉಚಿತ ಮಕ್ಕಳ ಸಹಾಯವಾಣಿ. ಸುಟ್ಟ ಗಾಯ, ವೈರಿನ ಗುರುತು, ಕಿವಿ ತಲೆಗೆ ಬಿದ್ದ ಪೆಟ್ಟು, ಹೊಗೆ, ಕೂಡಿ ಹಾಕಿ ಊಟ ಕೊಡದೆ ಇಟ್ಟದ್ದು, ಇಷ್ಟಕ್ಕೆ ನಾನು ಯೋಚಿಸುತ್ತಾ ಕೂರುವುದಿಲ್ಲ. ಲೈಂಗಿಕ ದೌರ್ಜನ್ಯದ ಅನುಮಾನ ಬಂದರಂತೂ 2012ರ ಪೋಕ್ಸೊ ಕಾಯ್ದೆ ನಮಗೆ ಆಯ್ಕೆಯನ್ನೇ ಬಿಟ್ಟಿಲ್ಲ. ತಿಳಿಸದೇ ಇರುವುದೇ ಅಪರಾಧ. ಉಳಿದವುಗಳಲ್ಲಿ ಮನೆಯವರ ಹತ್ತಿರ ಮೊದಲು ಮಾತಾಡಬೇಕೋ ಬೇಡವೋ ಅನ್ನುವುದನ್ನೂ ಮಗುವನ್ನೇ ಕೇಳುತ್ತೇನೆ: "ನಾನು ನಿಮ್ಮನಿಗೆ ಬಂದು ಮಾತಾಡಿದ್ರ ಏನಾಕ್ಕೈತಿ?" ಕೆಲವರು "ಬರ್ರಿ ಟೀಚರ್" ಅನ್ನುತ್ತಾರೆ. ಮುಖ ಬಿಳಿಚಿಕೊಂಡರೆ ನಾನು ಆ ಮನೆಗೆ ಹೋಗುವುದಿಲ್ಲ, ಫೋನ್ ಮಾಡುತ್ತೇನೆ. ಟೀಚರಿಗೆ ಹೇಳಿದ್ದಕ್ಕೆ ಮತ್ತೆ ಪೆಟ್ಟು ಬಿದ್ದರೆ ಆ ಮಗು ಇನ್ನು ಯಾರಿಗೂ ಬಾಯಿ ಬಿಡುವುದಿಲ್ಲ.

"ಯಾರಿಗೂ ಹೇಳಲ್ಲ" ಅಂತ ಮಗುವಿಗೆ ಮಾತು ಕೊಡಬಾರದು. "ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ" ಅನ್ನಬೇಕು. ಅದು ಹೇಳಿದ್ದನ್ನು ಅದರ ಮಾತಿನಲ್ಲೇ, ತಾರೀಖು ಹಾಕಿ, ಅವತ್ತೇ ಬರೆದಿಡುತ್ತೇನೆ. ಮತ್ತೆ ಮತ್ತೆ ಹೇಳಿಸುವುದಿಲ್ಲ. ಗಾಯದ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವವರನ್ನು ಕಂಡರೆ ನನಗೆ ತುಂಬಾ ಬೇಜಾರಾಗುತ್ತದೆ. ಮಗುವಿನ ಗುರುತು ಬಯಲು ಮಾಡುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸಿದೆ.

ಫೋನ್ ಮಾಡಿದರೆ ಮಗುವನ್ನು ಕಿತ್ತುಕೊಂಡು ಹೋಗುತ್ತಾರೆ ಅನ್ನುವ ಹೆದರಿಕೆ ಊರಲ್ಲಿ ಎಲ್ಲರಿಗೂ ಇದೆ, ಟೀಚರ್‌ಗಳಿಗೂ ಇದೆ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ಮನೆಗೇ ಕಳಿಸಿ, ಮೇಲೆ ನಿಗಾ ಇಡಬಹುದು. ಕಾಯ್ದೆಯಲ್ಲಿ ಬಾಲಮಂದಿರ ಕೊನೆಯ ದಾರಿ. ಹೊಗೆಯ ಪೆಟ್ಟು ತಿಂದ ನಮ್ಮ ಹುಡುಗನೂ ಮನೆಯಲ್ಲೇ ಉಳಿದ. ಅವನ ತಾಯಿ ಆ ಸೀಸನ್ ಮುಗಿಯುವವರೆಗೂ ನನ್ನ ಜೊತೆ ಮಾತು ಬಿಟ್ಟಿದ್ದರು. ಆಮೇಲೆ ಒಂದು ದಿನ ತಾವೇ ಬಂದು, "ಮತ್ತ ಕದ್ದರ ಏನ್ ಮಾಡ್ಲಿ, ಅದನ್ನರ ಹೇಳ್ರಿ" ಅಂದರು. ಕದ್ದ ಹಣವನ್ನು ಅವನೇ ಅದು ಯಾರದೋ ಅವರ ಕೈಗೆ ಕೊಟ್ಟು ಒಪ್ಪಿಕೊಳ್ಳಲಿ, ನೀವು ಪಕ್ಕದಲ್ಲಿ ನಿಂತಿರಿ ಅಂದೆ. ಏನು ತಗೊಳ್ಳಲು ಕದ್ದ ಅಂತಲೂ ಕೇಳಿ ಅಂದೆ. ಅದನ್ನು ಆ ತನಕ ಯಾರೂ ಕೇಳಿರಲಿಲ್ಲ.

ಅಮ್ಮಂದಿರು ಹೀಗೆ ಬರುತ್ತಾರೆ. ಅಪ್ಪಂದಿರು ಶಾಲೆಯ ಸಭೆಗೆ ಬರುವುದೇ ಅಪರೂಪ. ಹಗಲು ಸಭೆ ಇಟ್ಟರೆ ಹೊಲ, ಮಾರ್ಕೆಟ್ಟು ಬಿಟ್ಟು ಬರಲು ಅವರಿಗೆ ಆಗುವುದಿಲ್ಲ. ಅದಕ್ಕೆ ಮುಂದಿನ ಸಭೆಯನ್ನು ಸಂಜೆ ದೀಪ ಹಚ್ಚುವ ಹೊತ್ತಿಗೆ ಇಡೋಣ ಅಂತ ಶಾಲಾಭಿವೃದ್ಧಿ ಸಮಿತಿಯವರನ್ನು (ಎಸ್‌ಡಿಎಂಸಿ) ಕೇಳಿದ್ದೇನೆ.